ಹಾಡಿನ ಸಿನಿಮಾ ಒಗ್ಗದವರಿಗೂ ಒಗ್ಗುವ ಹಾಡಿನ ಸಿನಿಮಾಗಳು: ಪದೇ ಪದೇ ಕೇಳುವ ಪ್ರಶ್ನೆಗಳು

"ಮಾತಾಡ್ತಾ ಮಾತಾಡ್ತಾ ಇದ್ದಕ್ಕಿದ್ದಂಗೆ ಹಾಡೋಕೆ ಶುರು ಮಾಡ್ತಾರಲ್ಲ, ಅದೇ ನನಗಾಗಲ್ಲ" ಎನ್ನುವವರು ಮೈಸೂರಿನಲ್ಲೂ ಇದ್ದಾರೆ, ಮಂಡ್ಯದಲ್ಲೂ ಇದ್ದಾರೆ. ಹಾಗೆನ್ನುವವರನ್ನೇ ಸ್ವಲ್ಪ ಕೆದಕಿದರೆ ಯಾವುದೋ ಒಂದು ಮ್ಯೂಸಿಕಲ್ ಅನ್ನು ನಾಲ್ಕು ಸಲ ನೋಡಿರುವುದು ಹೊರಬೀಳುತ್ತದೆ. ಆ ಒಂದು ಯಾಕೆ ಹಿಡಿಸಿತು, ಉಳಿದವು ಯಾಕೆ ಹಿಡಿಸಲಿಲ್ಲ, ಅಂಥದ್ದೇ ಇನ್ನೊಂದನ್ನು ಹುಡುಕುವುದು ಹೇಗೆ, ಮನೆಯಲ್ಲಿ ನೋಡುವಾಗ ಏನು ಸರಿಪಡಿಸಿಕೊಳ್ಳಬೇಕು ಎಂಬ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಮ್ಯೂಸಿಕಲ್ ಅಂದ್ರೆ ಏನು? ನಮ್ಮ ಸಿನಿಮಾಗಳಲ್ಲೆಲ್ಲ ಹಾಡು ಇದ್ದೇ ಇರುತ್ತಲ್ಲ?

ಒಂದು ಸುಲಭ ಪರೀಕ್ಷೆ ಇದೆ. ಹಾಡುಗಳನ್ನೆಲ್ಲ ಕತ್ತರಿಸಿ ಹಾಕಿ ಸಿನಿಮಾ ನೋಡಿದರೆ ಕಥೆ ಅರ್ಥವಾಗುತ್ತದೆಯೇ? ಆಗುತ್ತದೆ ಅಂದರೆ ಅದು ಹಾಡುಗಳಿರುವ ಸಿನಿಮಾ. ಕಥೆಯಲ್ಲಿ ತೂತು ಬಿತ್ತು ಅಂದರೆ ಮ್ಯೂಸಿಕಲ್. ನಮ್ಮ ಬಹುಪಾಲು ಚಿತ್ರಗಳಲ್ಲಿ ಹಾಡು ಬಂದಾಗ ಕಥೆ ನಿಂತು ಕಾಯುತ್ತದೆ. ಅದಕ್ಕೇ ಥಿಯೇಟರಿನಲ್ಲಿ ಹಾಡು ಶುರುವಾದ ಕೂಡಲೇ ಒಂದಷ್ಟು ಜನ ಕಾಫಿಗೋ ಸಿಗರೇಟಿಗೋ ಎದ್ದು ಹೋಗುತ್ತಾರೆ. ಮ್ಯೂಸಿಕಲ್‌ನಲ್ಲಿ ಹಾಗೆ ಎದ್ದು ಹೋದರೆ ನಾಯಕಿ ಮನಸ್ಸು ಬದಲಾಯಿಸಿದ್ದೇ ತಪ್ಪಿಹೋಗುತ್ತದೆ. ಹೊರಗೆ ಹೋಗಲೇಬೇಕಾದರೆ ಮಾತಿನ ದೃಶ್ಯದಲ್ಲಿ ಹೋಗಿ.

ಕನ್ನಡದಲ್ಲಿ ಈ ಪರೀಕ್ಷೆ ಪಾಸಾಗುವ ಚಿತ್ರಗಳು ಕಡಿಮೆ. ಆದರೆ ಇಲ್ಲವೆಂದಲ್ಲ. ಅವುಗಳ ಮಾತು ಮುಂದೆ ಬರುತ್ತದೆ.

ಕನ್ನಡದ ಹಾಡುಗಳೆಲ್ಲ ನನಗಿಷ್ಟ. ಇಂಗ್ಲಿಷ್ ಮ್ಯೂಸಿಕಲ್ ನೋಡಿದರೆ ಮಾತ್ರ ಮುಜುಗರ. ಯಾಕೆ?

ಇದು ನಮಗೆ ಅತಿ ಹೆಚ್ಚು ಬರುವ ಪ್ರಶ್ನೆ. ಈ ಪುಟದ ಮುಖ್ಯ ಮಾತೂ ಇದರ ಉತ್ತರದಲ್ಲೇ ಇದೆ. ಮುಜುಗರ ಹಾಡಿನದ್ದಲ್ಲ. ಮಾತಿನಿಂದ ಹಾಡಿಗೆ ದಾಟುವ ಹೊಸಿಲಿನದ್ದು. ಹೊಸಿಲು ಎತ್ತರವಾಗಿದ್ದರೆ ನೋಡುವವರು ಎಡವುತ್ತಾರೆ.

ಮಂಡ್ಯದ ಕಲಾಮಂದಿರದಲ್ಲೋ ಊರ ಹಬ್ಬದಲ್ಲೋ ಕುರುಕ್ಷೇತ್ರ ನಾಟಕ ನೋಡಿದ್ದೀರಲ್ಲ. ದುರ್ಯೋಧನ ಗದೆ ಹಿಡಿದು ನಿಂತು ಹಾಡುತ್ತಾನೆ. 'ಯುದ್ಧಕ್ಕೆ ಹೊರಟವನು ಹಾಡೋದು ಯಾಕೆ' ಎಂದು ಯಾರೂ ಕೇಳುವುದಿಲ್ಲ, ಚೆನ್ನಾಗಿದ್ದರೆ ಒನ್ಸ್ ಮೋರ್ ಎನ್ನುತ್ತಾರೆ. ಅಲ್ಲಿ ಆಗುತ್ತಿರುವುದನ್ನು ಗಮನಿಸಿ. ಪಾತ್ರಧಾರಿಯ ಮಾತೇ ಅರ್ಧ ಹಾಡು. ಸಾಲಿನ ಕೊನೆಯನ್ನು ಅವನು ಎಳೆಯುತ್ತಾನೆ, ಹಾರ್ಮೋನಿಯಂ ಮೇಷ್ಟ್ರು ಅಲ್ಲೇ ಶ್ರುತಿ ಹಿಡಿಯುತ್ತಾರೆ, ಎಳೆದ ದನಿ ಶ್ರುತಿಗೆ ಕೂತು ಹಾಡಾಗುತ್ತದೆ. ಹತ್ತಬೇಕಾದ್ದು ಒಂದೇ ಮೆಟ್ಟಿಲು. ಮೇಷ್ಟ್ರೂ ಕಣ್ಣೆದುರಿಗೇ ಇದ್ದಾರೆ, ವಾದ್ಯ ಎಲ್ಲಿಂದ ಬಂತು ಎಂಬ ಸಂಶಯಕ್ಕೂ ಜಾಗವಿಲ್ಲ.

ಸಿನಿಮಾದಲ್ಲಿ ಇಬ್ಬರು ಅಡುಗೆಮನೆಯಲ್ಲಿ ನಿಂತು ನಿಮ್ಮ ನಮ್ಮ ಹಾಗೆ ಮಾತಾಡುತ್ತಿರುತ್ತಾರೆ. ಮರುಕ್ಷಣ ನಲವತ್ತು ಪಿಟೀಲುಗಳ ಜೊತೆ ಹಾಡುತ್ತಾರೆ. ನೆಲದಿಂದ ನೇರ ಮಾಳಿಗೆಗೆ ಜಿಗಿತ.

ಇದಕ್ಕೆ ಒಂದು ತಾಂತ್ರಿಕ ಕಾರಣವೂ ಸೇರಿಕೊಳ್ಳುತ್ತದೆ. ಹಾಡನ್ನು ಸಾಮಾನ್ಯವಾಗಿ ಮೊದಲೇ ಸ್ಟುಡಿಯೋದಲ್ಲಿ ಧ್ವನಿಮುದ್ರಿಸಿಕೊಂಡು, ಚಿತ್ರೀಕರಣದ ಜಾಗದಲ್ಲಿ ಅದನ್ನು ಹಾಕಿ ನಟರಿಂದ ತುಟಿ ಆಡಿಸುತ್ತಾರೆ. ಮಾತಿನ ದೃಶ್ಯದಲ್ಲಿ ಕೋಣೆಯ ಗಾಳಿ, ಕಾಲ ಸಪ್ಪಳ, ಬಟ್ಟೆಯ ಸರಬರ ಎಲ್ಲ ಇರುತ್ತದೆ. ಹಾಡು ಶುರುವಾದೊಡನೆ ಅವೆಲ್ಲ ಮಾಯ. ಮೈಕಿಗೆ ನಾಲ್ಕು ಬೆರಳು ಹತ್ತಿರದ ನುಣುಪು ದನಿ ಮಾತ್ರ ಉಳಿಯುತ್ತದೆ. 'ಇದು ಸುಳ್ಳು' ಎಂದು ಮೊದಲು ಹೇಳುವುದು ಕಿವಿ. ಕಣ್ಣು ಒಪ್ಪಿಕೊಂಡಿರುತ್ತದೆ.

ಹಾಗಾದರೆ ಕನ್ನಡ ಸಿನಿಮಾದಲ್ಲಿ ಬೇರೆಯವರು ಹಾಡಿದರೂ ನಮಗೆ ಯಾಕೆ ಏನೂ ಅನ್ನಿಸಲ್ಲ?

ಅಭ್ಯಾಸಬಲ. ರಾಜ್‌ಕುಮಾರ್ ತುಟಿಗೆ ಪಿ. ಬಿ. ಶ್ರೀನಿವಾಸ್ ದನಿ ವರ್ಷಾನುಗಟ್ಟಲೆ ಕೇಳಿ, 1974ರ 'ಸಂಪತ್ತಿಗೆ ಸವಾಲ್' ಬಂದ ಮೇಲೆ ರಾಜ್ ಸ್ವಂತ ದನಿಯನ್ನೂ ಅಷ್ಟೇ ಆರಾಮಾಗಿ ಒಪ್ಪಿಕೊಂಡ ಕಿವಿಗಳು ಇವು. ನಮ್ಮಲ್ಲಿ ಗಾಯಕರ ಹೆಸರು ಪರದೆಯ ಮೇಲೆ ಬರುತ್ತದೆ, ಮುಚ್ಚುಮರೆ ಇಲ್ಲ. ಹಾಲಿವುಡ್ಡಿನಲ್ಲಿ ಅದನ್ನು ಬಚ್ಚಿಡುತ್ತಿದ್ದರು. 1964ರ 'ಮೈ ಫೇರ್ ಲೇಡಿ'ಯಲ್ಲಿ ಆಡ್ರಿ ಹೆಪ್ಬರ್ನ್‌ಗೆ ಹಾಡಿದವರು ಮಾರ್ನಿ ನಿಕ್ಸನ್, 1961ರ 'ವೆಸ್ಟ್ ಸೈಡ್ ಸ್ಟೋರಿ'ಯಲ್ಲಿ ನಟಾಲಿ ವುಡ್‌ಗೂ ಅವರೇ.

ಅದೇ 'ಮೈ ಫೇರ್ ಲೇಡಿ'ಯ ನಾಯಕ ರೆಕ್ಸ್ ಹ್ಯಾರಿಸನ್ ಇದಕ್ಕೆ ತಿರುಗಾ ಮುರುಗಾ. ಮೊದಲೇ ಮುದ್ರಿಸಿದ ಹಾಡಿಗೆ ತುಟಿ ಆಡಿಸಲು ಅವರು ಒಪ್ಪಲಿಲ್ಲ. ಟೈನೊಳಗೆ ವೈರ್‌ಲೆಸ್ ಮೈಕ್ ಬಚ್ಚಿಟ್ಟು, ನಟಿಸುತ್ತಲೇ ಹಾಡಿದರು. ಅವರದು ಹಾಡೂ ಅಲ್ಲ ಮಾತೂ ಅಲ್ಲದ ನಡುವಿನ ದನಿ. ಮ್ಯೂಸಿಕಲ್ ಎಂದರೆ ಮುಖ ಸಿಂಡರಿಸುವವರು ಕೂಡ ಅವರ ಹಾಡುಗಳಲ್ಲಿ ಸಿಡುಕದೆ ಕೂರುವುದಕ್ಕೆ ಇದೇ ಕಾರಣ ಎನ್ನಬಹುದು. ಅಲ್ಲಿ ಹೊಸಿಲೇ ಇಲ್ಲ.

ಈ ಹೊಸಿಲಿನಲ್ಲಿ ಎಷ್ಟು ಬಗೆ? ನನಗೆ ಯಾವುದು ಒಗ್ಗುತ್ತೆ ಅಂತ ತಿಳಿಯೋದು ಹೇಗೆ?

ನಿಮಗೆ ಹಿಡಿಸಿದ ಒಂದು ಮ್ಯೂಸಿಕಲ್ ನೆನಪಿಗೆ ತಂದುಕೊಳ್ಳಿ. ಅಲ್ಲಿ ಪಾತ್ರಗಳಿಗೆ 'ನಾವು ಹಾಡುತ್ತಿದ್ದೇವೆ' ಎಂಬುದು ಗೊತ್ತಿದೆಯೇ? ಹೆಚ್ಚಿನ ಕೆಲಸ ಈ ಒಂದು ಪ್ರಶ್ನೆಯಲ್ಲೇ ಮುಗಿಯುತ್ತದೆ.

ಗೊತ್ತಿದ್ದರೆ ಅದು ಹಾಡುಗಾರರ ಕಥೆ ಅಥವಾ ವೇದಿಕೆಯ ಕಥೆ. 2007ರ ಐರಿಶ್ ಚಿತ್ರ 'ವನ್ಸ್' ಇದರ ಅತ್ಯಂತ ಸರಳ ಮಾದರಿ. ಡಬ್ಲಿನ್ ಬೀದಿಯಲ್ಲಿ ಗಿಟಾರ್ ಹಿಡಿದು ಹಾಡುವವನೊಬ್ಬ, ಪಿಯಾನೊ ಬಲ್ಲ ವಲಸೆ ಹೆಣ್ಣುಮಗಳೊಬ್ಬಳು. ವಾದ್ಯದ ಅಂಗಡಿಯಲ್ಲಿ ಕೂತು ಅವನು ಅವಳಿಗೆ ಸ್ವರ ಹೇಳಿಕೊಡುತ್ತಾನೆ, ಕಲಿಯುತ್ತಾ ಕಲಿಯುತ್ತಾ ಹಾಡು ಪೂರ್ತಿಯಾಗುತ್ತದೆ. ಆ ಹಾಡಿಗೇ ಆಸ್ಕರ್ ಬಂತು. ನಟಿಸಿದ ಇಬ್ಬರೂ ನಿಜಕ್ಕೂ ಸಂಗೀತಗಾರರು, ಚಿತ್ರೀಕರಣ ನಡೆದದ್ದು 17 ದಿನ, ಚಿತ್ರದ ಉದ್ದ 86 ನಿಮಿಷ. ಇದು ಮ್ಯೂಸಿಕಲ್ಲೇ ಅಲ್ಲ ಎಂದು ವಾದಿಸುವವರಿದ್ದಾರೆ. ಹಾಡು ತೆಗೆದರೆ ಕಥೆಯಲ್ಲಿ ಏನೂ ಉಳಿಯುವುದಿಲ್ಲ, ಆದ್ದರಿಂದ ನಮ್ಮ ಲೆಕ್ಕದಲ್ಲಿ ಹೌದು.

ಅದೇ ಬಗೆಯ ಇನ್ನೊಂದು, ಆದರೆ ಕಚ್ಚುವ ಚಿತ್ರ, 1972ರ 'ಕ್ಯಾಬರೆ'. ನಿರ್ದೇಶಕ ಬಾಬ್ ಫಾಸಿ. 1931ರ ಬರ್ಲಿನ್, ನಾಟ್ಸಿಗಳು ತಲೆ ಎತ್ತುತ್ತಿರುವ ಕಾಲ. ಹಾಡುಗಳೆಲ್ಲ ಒಂದು ನೈಟ್‌ಕ್ಲಬ್ಬಿನ ವೇದಿಕೆಯ ಮೇಲೆ ನಡೆಯುತ್ತವೆ, ಹೊರಗಿನ ಕಥೆಗೆ ಕುಹಕದ ಟಿಪ್ಪಣಿ ಹಾಕುತ್ತವೆ. ಒಂದೇ ಒಂದು ಹಾಡು ವೇದಿಕೆಯಿಂದಾಚೆ, ಬಿಸಿಲಿರುವ ಬಿಯರ್ ತೋಟದಲ್ಲಿ. ಒಬ್ಬ ಚೆಂದದ ಹುಡುಗ ಹಾಡುತ್ತಾನೆ, ಕ್ಯಾಮೆರಾ ಕೆಳಗಿಳಿದಾಗ ತೋಳಿನ ಸ್ವಸ್ತಿಕದ ಪಟ್ಟಿ ಕಾಣುತ್ತದೆ, ಒಬ್ಬೊಬ್ಬರಾಗಿ ಎಲ್ಲರೂ ಎದ್ದು ದನಿಗೂಡಿಸುತ್ತಾರೆ. ಜನ ಇದ್ದಕ್ಕಿದ್ದಂತೆ ಒಟ್ಟಿಗೆ ಹಾಡುವುದು ಎಷ್ಟು ಭಯಾನಕ ಎಂದು ಗೊತ್ತಾಗುತ್ತದೆ. ಮ್ಯೂಸಿಕಲ್ ದ್ವೇಷಿಗಳ ಮುಜುಗರವನ್ನೇ ಬಂಡವಾಳ ಮಾಡಿಕೊಂಡ ದೃಶ್ಯ ಅದು.

ಹಾಡುವುದು ಪಾತ್ರಗಳಿಗೆ ಗೊತ್ತಿಲ್ಲ, ಎಲ್ಲ ಒಬ್ಬರ ತಲೆಯೊಳಗೆ ನಡೆಯುತ್ತದೆ ಎಂಬುದು ಎರಡನೆಯ ಬಗೆ. 2002ರ 'ಶಿಕಾಗೊ'ದಲ್ಲಿ ಕೊಲೆ ಮಾಡಿ ಜೈಲು ಸೇರಿದ ಹುಡುಗಿ ತನ್ನ ಸುತ್ತಲಿನದನ್ನೆಲ್ಲ ರಂಗದ ಆಟವಾಗಿ ಕಲ್ಪಿಸಿಕೊಳ್ಳುತ್ತಾಳೆ. ಒಂದು ಕಡೆ ವಕೀಲನ ಮಾತು, ಇನ್ನೊಂದು ಕಡೆ ಅದರದ್ದೇ ಹಾಡು, ಎರಡರ ನಡುವೆ ಕತ್ತರಿ ಆಡುತ್ತಲೇ ಇರುತ್ತದೆ. 113 ನಿಮಿಷ ಎಲ್ಲೂ ಜಗ್ಗುವುದಿಲ್ಲ. 1968ರ 'ಆಲಿವರ್' ನಂತರ ಅತ್ಯುತ್ತಮ ಚಿತ್ರದ ಆಸ್ಕರ್ ಪಡೆದ ಮೊದಲ ಮ್ಯೂಸಿಕಲ್ ಅದು.

ಮೂರನೆಯದು ಹೊಸಿಲನ್ನೇ ಕಿತ್ತುಹಾಕಿದ ಬಗೆ. ಒಂದು ಮಾತೂ ಇಲ್ಲ, ಎಲ್ಲವೂ ಹಾಡು. ಝಾಕ್ ದೆಮಿಯ 1964ರ ಫ್ರೆಂಚ್ ಚಿತ್ರ 'ಶೆರ್ಬೂರ್‌ನ ಕೊಡೆಗಳು' ಹೀಗಿದೆ, ಸಂಗೀತ ಮಿಶೆಲ್ ಲೆಗ್ರಾಂ ಅವರದ್ದು. ಶುರುವಾಗುವುದೇ ಕಾರು ರಿಪೇರಿ ಗ್ಯಾರೇಜಿನಲ್ಲಿ. ಅಲ್ಲೊಬ್ಬ ಮೆಕ್ಯಾನಿಕ್, ಜನ ಹಾಡುತ್ತಾ ಕೂರುವುದು ತನಗಾಗುವುದಿಲ್ಲ, ಸಿನಿಮಾನೇ ವಾಸಿ ಎನ್ನುತ್ತಾನೆ. ಅದನ್ನೂ ಹಾಡಿಯೇ ಹೇಳುತ್ತಾನೆ! ಕೊನೆಯ ದೃಶ್ಯ ಹಿಮ ಬೀಳುವ ಪೆಟ್ರೋಲ್ ಬಂಕು. ಯಾವ ಪೆಟ್ರೋಲ್ ಹಾಕಲಿ ಎಂಬ ಪ್ರಶ್ನೆಯೂ ಹಾಡೇ, ಅದನ್ನು ಕೇಳುವ ಹೊತ್ತಿಗೆ ನೋಡುವವರ ಗಂಟಲು ಕಟ್ಟಿರುತ್ತದೆ. ಮೊದಲ ಹತ್ತು ನಿಮಿಷ ವಿಚಿತ್ರ ಅನ್ನಿಸುತ್ತದೆ, ಆಮೇಲೆ ಕಿವಿ ಅದನ್ನು ಮಾತೆಂದೇ ತಿಳಿಯುತ್ತದೆ. ಉದ್ದ 91 ನಿಮಿಷ. ಎಲ್ಲ ಹಾಡೇ ಆದರೆ ಇನ್ನೂ ಕಷ್ಟ ಎಂದು ಹೆದರುವವರು ಬಹಳ, ಆದರೆ ಹೊಸಿಲಿನಲ್ಲಿ ಎಡವುವವರಿಗೆ ಇದೇ ಸಲೀಸು.

ಸತ್ಯಜಿತ್ ರೇ ಅವರ 1969ರ 'ಗೂಪಿ ಗಾಯೆನ್ ಬಾಘಾ ಬಾಯೆನ್' ಈ ಮೂರರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಅಲ್ಲಿ ಹಾಡು ಭೂತರಾಜ ಕೊಟ್ಟ ವರ. ಇವರಿಬ್ಬರೂ ಹಾಡಿ ಡೋಲು ಬಾರಿಸಿದರೆ ಕೇಳಿದವರು ಇದ್ದಲ್ಲೇ ಕಲ್ಲಾಗುತ್ತಾರೆ. ಅಂದರೆ ಹಾಡಿಗೆ ಕಥೆಯಲ್ಲೇ ಕೆಲಸವಿದೆ, ಸೈನ್ಯವನ್ನೂ ನಿಲ್ಲಿಸುವ ಕೆಲಸ. ಯಾಕೆ ಹಾಡುತ್ತಾರೆ ಎಂದು ಕೇಳುವವರ ಬಾಯಿ ಇಷ್ಟು ಸೊಗಸಾಗಿ ಮುಚ್ಚಿಸಿದ ಭಾರತೀಯ ಚಿತ್ರ ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಉಳಿದದ್ದು ಹಳೆಯ, ಶುದ್ಧ ಬಗೆ: ಮಾತು, ಹಾಡು, ಮತ್ತೆ ಮಾತು, ಯಾವ ಸಬೂಬೂ ಇಲ್ಲ. ಇದನ್ನು ಕೊನೆಗೆ ಇಟ್ಟುಕೊಳ್ಳಿ.

ಸಬೂಬು ಇಲ್ಲದ ಬಗೆಯಲ್ಲಿ ಒಂದನ್ನಾದರೂ ನೋಡಬೇಕು ಅಂದರೆ ಯಾವುದು?

1952ರ 'ಸಿಂಗಿನ್ ಇನ್ ದ ರೇನ್'. ಜೀನ್ ಕೆಲಿ ಮತ್ತು ಸ್ಟ್ಯಾನ್ಲಿ ಡೋನನ್ ನಿರ್ದೇಶನ, 103 ನಿಮಿಷ. ಕಥೆ ನಡೆಯುವುದು 1927ರಲ್ಲಿ, ಮೂಕಿ ಹೋಗಿ ಟಾಕಿ ಬರುವ ಗಡಿಬಿಡಿಯಲ್ಲಿ. ಅಂದರೆ ಸಿನಿಮಾದ ದನಿ ಎಂಬುದೇ ಕಟ್ಟಿದ ಸುಳ್ಳು ಎಂಬುದು ಇಲ್ಲಿನ ಹಾಸ್ಯದ ವಸ್ತು. ಕರ್ಕಶ ಕಂಠದ ತಾರೆಗೆ ತೆರೆಯ ಹಿಂದಿನಿಂದ ಇನ್ನೊಬ್ಬ ಹುಡುಗಿ ದನಿ ಕೊಡುತ್ತಾಳೆ. ತಮಾಷೆಯೆಂದರೆ, ಹಾಗೆ ದನಿ ಕೊಡುವ ಹುಡುಗಿಯ ಪಾತ್ರ ಮಾಡಿದ ಡೆಬಿ ರೆನಾಲ್ಡ್ಸ್‌ಗೇ ಒಂದು ಹಾಡಿನಲ್ಲಿ ಬೇರೊಬ್ಬ ಗಾಯಕಿ ದನಿ ಕೊಟ್ಟಿದ್ದಾರೆ.

ಮಳೆಯ ಹಾಡಿನ ಹೊಸಿಲನ್ನು ನೋಡಿ ಕಲಿಯುವುದು ಬಹಳ ಇದೆ. ನಾಯಕ ಹುಡುಗಿಯನ್ನು ಬಾಗಿಲಲ್ಲಿ ಬೀಳ್ಕೊಡುತ್ತಾನೆ. ಕಾದಿದ್ದ ಕಾರನ್ನು ಕಳಿಸಿಬಿಡುತ್ತಾನೆ. ನಡೆಯುತ್ತಾ ಗುನುಗುತ್ತಾನೆ. ಕೊಡೆ ಮಡಚುತ್ತಾನೆ. ಆಮೇಲೆ ಪದ ಬರುತ್ತದೆ, ಆಮೇಲೆ ಕುಣಿತ. ಐದು ಸಣ್ಣ ಮೆಟ್ಟಿಲು, ಒಂದನ್ನೂ ಹಾರಿಲ್ಲ. ಜೀನ್ ಕೆಲಿಗೆ ಆಗ ಜೋರು ಜ್ವರವಿತ್ತಂತೆ. ಅದರ ಸುಳಿವು ಕಾಲಿನಲ್ಲಿ ಕಾಣದು.

ಎಚ್ಚರಿಕೆ: ಕೊನೆಯ ಭಾಗದಲ್ಲಿ ಸುಮಾರು 13 ನಿಮಿಷದ ಬ್ಯಾಲೆ ಒಂದಿದೆ. ಕಥೆಗೂ ಅದಕ್ಕೂ ಸಂಬಂಧವಿಲ್ಲ. ಒಗ್ಗದವರು ಕೈಬಿಡುವುದು ಅಲ್ಲೇ. ಕಾಫಿ ಇಡುವುದಿದ್ದರೆ ಇದೊಂದು ವಿನಾಯಿತಿ.

'ಸೌಂಡ್ ಆಫ್ ಮ್ಯೂಸಿಕ್' ಎಲ್ಲರೂ ಹೊಗಳ್ತಾರೆ, ನನಗೆ ನಿದ್ದೆ ಬಂತು. ನನ್ನದೇ ದೋಷವಾ?

ಅಲ್ಲ. 1965ರ ಆ ಚಿತ್ರ 174 ನಿಮಿಷ ಇದೆ, ನಡುವೆ ಅದಕ್ಕೆಂದೇ ಮಧ್ಯಂತರ ಇಟ್ಟು ಮಾಡಿದ್ದು. ರಾತ್ರಿ ಊಟ ಮುಗಿಸಿ ಒಂಬತ್ತೂವರೆಗೆ ಹಾಕಿದರೆ ಯಾರಿಗಾದರೂ ನಿದ್ದೆ ಬರುತ್ತದೆ. ಎರಡು ಸಂಜೆಗೆ ಹಂಚಿ, ಮಧ್ಯಂತರದಲ್ಲೇ ನಿಲ್ಲಿಸಿ. ಅಲ್ಲದೆ ಆ ಚಿತ್ರವನ್ನು ದೊಡ್ಡ ಪರದೆಗಾಗಿ 70 ಎಂಎಂನಲ್ಲಿ ತೆಗೆದದ್ದು. ಹೆಲಿಕಾಪ್ಟರಿನಿಂದ ತೆಗೆದ ಬೆಟ್ಟದ ಮೊದಲ ದೃಶ್ಯ ಫೋನಿನಲ್ಲಿ ಹಸಿರು ಚುಕ್ಕೆಯಂತೆ ಕಾಣುತ್ತದೆ.

ಅಷ್ಟಾಗಿಯೂ ಹಿಡಿಸದಿದ್ದರೆ ಬಿಡಿ. ಸಿಹಿ ಹೆಚ್ಚಾಯಿತು ಎನ್ನುವುದು ನ್ಯಾಯವಾದ ದೂರೇ. ಮೈಸೂರು ಪಾಕ್ ಊರಿನವರೂ ಎರಡನೇ ತುಂಡಿಗೆ ಕೈ ಅಡ್ಡ ಹಿಡಿಯುತ್ತಾರೆ.

'ಲಾ ಲಾ ಲ್ಯಾಂಡ್' ಐದು ನಿಮಿಷಕ್ಕೇ ಆಫ್ ಮಾಡಿಬಿಟ್ಟೆ.

ಬಹಳ ಮಂದಿ ಅಲ್ಲೇ ಆಫ್ ಮಾಡುತ್ತಾರೆ. 2016ರ ಆ ಚಿತ್ರ ತನ್ನ ಅತಿ ಎತ್ತರದ ಹೊಸಿಲನ್ನು ಬಾಗಿಲಲ್ಲೇ ಇಟ್ಟಿದೆ: ಹೆದ್ದಾರಿಯ ಟ್ರಾಫಿಕ್ ಜಾಮಿನಲ್ಲಿ ಕಾರುಗಳಿಂದ ಇಳಿದು ಎಲ್ಲರೂ ಕುಣಿಯುತ್ತಾರೆ. ಅದನ್ನು ದಾಟಿ. ನಡುಭಾಗದಲ್ಲಿ ಹಾಡುಗಳು ತೆಳುವಾಗಿ ಬರೀ ಜಗಳ, ಕೆಲಸ, ಹಣದ ಚಿಂತೆ ಉಳಿಯುತ್ತದೆ. ಕೊನೆಯ ಕೆಲವು ನಿಮಿಷಗಳಿಗಾಗಿಯೇ ಉಳಿದದ್ದನ್ನೆಲ್ಲ ಕಟ್ಟಿದ್ದಾರೆ.

ಕನ್ನಡದಲ್ಲಿ ಯಾವುವು?

ಹಾಡುಗಾರನ ಕಥೆ ಬೇಕಿದ್ದರೆ ಎರಡಿವೆ. ಅ. ನ. ಕೃಷ್ಣರಾಯರ ಕಾದಂಬರಿಯಿಂದ ಬಂದ 1966ರ 'ಸಂಧ್ಯಾರಾಗ'ದಲ್ಲಿ ಭೀಮಸೇನ ಜೋಶಿಯವರೂ ಬಾಲಮುರಳೀಕೃಷ್ಣ ಅವರೂ ಹಾಡಿದ್ದಾರೆ. ತ. ರಾ. ಸು. ಕಾದಂಬರಿಯನ್ನು ಜಿ. ವಿ. ಅಯ್ಯರ್ 1975ರಲ್ಲಿ 'ಹಂಸಗೀತೆ' ಮಾಡಿದರು, ನಾಯಕ ಅನಂತ್ ನಾಗ್. ಸಂಗೀತ ಬಾಲಮುರಳೀಕೃಷ್ಣ ಮತ್ತು ಬಿ. ವಿ. ಕಾರಂತರದ್ದು. ನಿಧಾನ ಚಿತ್ರ. ಆತುರದಲ್ಲಿ ನೋಡಬೇಡಿ. ಅಲ್ಲಿ ರಾಗವೇ ಕಥೆಯ ಗಂಟು.

ಮಂಡ್ಯ ಜಿಲ್ಲೆಯವರಿಗೆ ಹತ್ತಿರದ್ದು 1992ರ 'ಮೈಸೂರು ಮಲ್ಲಿಗೆ'. ಕವಿ ಕೆ. ಎಸ್. ನರಸಿಂಹಸ್ವಾಮಿ ಹುಟ್ಟಿದ್ದು ಕೆ. ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ, ಸಂಕಲನ ಬಂದದ್ದು 1942ರಲ್ಲಿ. ನಿರ್ದೇಶಕ ನಾಗಾಭರಣ ಮಾಡಿದ್ದು ತಲೆಕೆಳಗಾದ ಕೆಲಸ: ಕಥೆ ಇಟ್ಟುಕೊಂಡು ಹಾಡು ಬರೆಸುವ ಬದಲು ಪದ್ಯಗಳಿಂದ ಕಥೆ ನೇಯ್ದರು, ಸಂಗೀತ ಸಿ. ಅಶ್ವತ್ಥ್. ಹಾಡು ತೆಗೆದರೆ ಚಿತ್ರವೇ ಇಲ್ಲ. ಅವರಿಬ್ಬರದ್ದೇ 1990ರ 'ಸಂತ ಶಿಶುನಾಳ ಶರೀಫ'ದಲ್ಲಿ ಹೊಸಿಲಿನ ತೊಂದರೆ ಹುಟ್ಟುವುದೇ ಇಲ್ಲ. ತತ್ತ್ವಪದ ಹಾಡುವುದೇ ಶರೀಫರ ಬದುಕು.

ಪಕ್ಕಾ ಹಾಲಿವುಡ್ ಅರ್ಥದ ಮ್ಯೂಸಿಕಲ್‌ಗೆ ಹತ್ತಿರ ಬರುವುದು ರವಿಚಂದ್ರನ್-ಹಂಸಲೇಖ ಜೋಡಿಯ 1987ರ 'ಪ್ರೇಮಲೋಕ'. ಅಲ್ಲಿ ಸಂಭಾಷಣೆಯೇ ಹಾಡಾಗುತ್ತದೆ, ಕಾಲೇಜಿನ ಜಗಳ, ಕೀಟಲೆ ಎಲ್ಲ. ಮ್ಯೂಸಿಕಲ್ ಆಗದು ಎನ್ನುವ ಮೈಸೂರಿನ ಐವತ್ತು ದಾಟಿದವರಿಗೆ ಅದರ ಹಾಡುಗಳು ಬಾಯಿಪಾಠ. ಅವರ ವಾದ ಅಲ್ಲಿಗೆ ಮುಗಿಯುತ್ತದೆ.

ಹಾಡು ಬಂದಾಗ ಮುಂದಕ್ಕೆ ಓಡಿಸಿದರೆ ಏನಾಗುತ್ತೆ?

ಕಥೆ ಕೈತಪ್ಪುತ್ತದೆ. ಅದಕ್ಕಿಂತ ಕೆಟ್ಟದ್ದು, ಕಿವಿ ಒಗ್ಗುವುದೇ ಇಲ್ಲ. ಪ್ರತಿ ಹಾಡೂ ಮೊದಲನೆಯ ಹಾಡಿನಷ್ಟೇ ಒರಟಾಗಿ ತಾಗುತ್ತದೆ. ಬದಲಿಗೆ ಹೀಗೆ ಮಾಡಿ: ಹಾಡು ಶುರುವಾದ ಮೇಲೆ ಇಪ್ಪತ್ತು ಸೆಕೆಂಡ್ ಹಿಂದಕ್ಕೆ ಹೋಗಿ, ಮಾತಿನ ಅಡಿಯಲ್ಲಿ ಏನು ಕೇಳುತ್ತದೆ ಎಂದು ಗಮನಿಸಿ. ಒಳ್ಳೆಯ ಚಿತ್ರಗಳಲ್ಲಿ ಒಂದು ವಾದ್ಯವೋ ಒಂದು ಲಯವೋ ಆಗಲೇ ನುಸುಳಿರುತ್ತದೆ. 2000ದ 'ಡಾನ್ಸರ್ ಇನ್ ದ ಡಾರ್ಕ್'ನಲ್ಲಿ ಕಾರ್ಖಾನೆಯ ಯಂತ್ರಗಳ ಸದ್ದೇ ತಾಳವಾಗಿ ಹಾಡು ಎದ್ದು ಬರುತ್ತದೆ. ಎರಡು ಹಾಡಿಗೆ ಹೀಗೆ ಮಾಡಿದರೆ ಮೂರನೆಯದಕ್ಕೆ ಕಿವಿ ತಾನೇ ಸಿದ್ಧವಾಗುತ್ತದೆ.

ಸಬ್‌ಟೈಟಲ್ ಹಾಕಿದರೂ ಹಾಡಿನ ಸಾಲು ಬರೋದಿಲ್ಲ.

ಇದು ನಿಮ್ಮ ಟಿವಿಯ ತಪ್ಪಲ್ಲ. ಸಬ್‌ಟೈಟಲ್‌ನಲ್ಲಿ ಹಲವು ಬಗೆ ಇರುತ್ತವೆ. ಎಷ್ಟೋ ಸಲ ಮಾಮೂಲಿ ಬಗೆಯಲ್ಲಿ ಮಾತು ಮಾತ್ರ ಇರುತ್ತದೆ. ಪಟ್ಟಿಯಲ್ಲಿ 'ಸಿಸಿ' ಅಥವಾ 'ಎಸ್‌ಡಿಎಚ್' ಎಂದಿರುವುದನ್ನು ಆರಿಸಿ. ಕಿವಿ ಕೇಳದವರಿಗಾಗಿ ಮಾಡಿದ ಅದರಲ್ಲಿ ಹಾಡಿನ ಸಾಹಿತ್ಯವೂ ಸಾಮಾನ್ಯವಾಗಿ ಬರುತ್ತದೆ. ಸಾಲು ಎರಡು ಮೂರು ಸೆಕೆಂಡಿಗೆ ಮಾಯವಾಗುತ್ತದೆ. ಇಂಗ್ಲಿಷ್ ಓದು ನಿಧಾನವಿರುವ ಅಪ್ಪ ಅಮ್ಮನ ಜೊತೆ ನೋಡುವುದಾದರೆ ಪ್ರತಿ ಹಾಡಿಗೂ ಮುಂಚೆ ಒಂದು ವಾಕ್ಯದ ಸಾರ ಹೇಳಿಬಿಡಿ: "ಇವಳು ಊರು ಬಿಡೋಕೆ ತೀರ್ಮಾನ ಮಾಡ್ತಾಳೆ." ಹಾಡಿನ ನಡುವೆ ಅನುವಾದ ಮಾಡಲು ಹೋದರೆ ಇಬ್ಬರಿಗೂ ಹಾಡು ಸಿಗುವುದಿಲ್ಲ.

ಮಾತು ಕೇಳಿಸೋದೇ ಇಲ್ಲ, ಹಾಡು ಬಂದರೆ ಪಕ್ಕದ ಮನೆಯವರು ಬರುತ್ತಾರೆ. ಏನು ಮಾಡೋದು?

ಮ್ಯೂಸಿಕಲ್ ಆಗದು ಎನ್ನುವವರಲ್ಲಿ ಒಂದು ಪಾಲಿನವರಿಗೆ ಆಗದಿರುವುದು ನಿಜಕ್ಕೂ ಇದೇ. ಎರಡು ಸ್ಪೀಕರಿನ ಟಿವಿಗೆ ಆರು ಚಾನೆಲ್ಲಿನ 5.1 ಧ್ವನಿ ಕಳಿಸಿದರೆ, ನಡುವಿನ ಚಾನೆಲ್ಲಿನಲ್ಲಿದ್ದ ಮಾತು ಕುಗ್ಗುತ್ತದೆ, ಸುತ್ತಲಿನ ವಾದ್ಯ ಉಬ್ಬುತ್ತದೆ. ಹೀಗೆ ಸರಿಪಡಿಸಿ.

ಮೊದಲು ಸಿನಿಮಾ ಓಡುವ ಆ್ಯಪಿನ ಆಡಿಯೊ ಪಟ್ಟಿಯಲ್ಲಿ 5.1 ಬದಲು ಸ್ಟೀರಿಯೊ ಆರಿಸಿ. ಅಲ್ಲಿ ಇಲ್ಲದಿದ್ದರೆ ಟಿವಿಯ ಧ್ವನಿ ಸೆಟ್ಟಿಂಗಿನಲ್ಲಿ ಔಟ್‌ಪುಟ್ ಅನ್ನು 'ಪಿಸಿಎಂ' (ಎರಡು ಚಾನೆಲ್ಲಿನ ಸಾದಾ ಧ್ವನಿ) ಎಂಬುದಕ್ಕೆ ಹಾಕಿ. ಆಮೇಲೆ ಒಂದು ದೊಡ್ಡ ಹಾಡಿಗೆ ಹೋಗಿ ವಾಲ್ಯೂಮ್ ಹೊಂದಿಸಿ, ಮಾತಿನ ದೃಶ್ಯಕ್ಕೆ ಹಿಂದಿರುಗಿ ನೋಡಿ. ಇನ್ನೂ ಮಾತು ಸಣ್ಣಗಿದ್ದರೆ ಮಾತ್ರ ನೈಟ್ ಮೋಡ್. ಅದು ಏರಿಳಿತವನ್ನು ಚಪ್ಪಟೆ ಮಾಡುತ್ತದೆ. ಮಾತು ಕೇಳುತ್ತದೆ, ಹಾಡು ಮಾತ್ರ ಆರಿದ ದೋಸೆ. ಎರಡೂ ಬೇಕಿದ್ದರೆ ಸಾಧಾರಣ ಸೌಂಡ್‌ಬಾರ್ ಒಂದನ್ನು ಟಿವಿಯಲ್ಲಿ 'ಎಆರ್‌ಸಿ' ಎಂದು ಬರೆದಿರುವ ಕಿಂಡಿಗೆ ಎಚ್‌ಡಿಎಂಐ ತಂತಿಯಲ್ಲಿ ಜೋಡಿಸಿ.

ಬ್ಲೂಟೂತ್ ಬೇಡ. ತುಟಿಗೂ ದನಿಗೂ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಅಂತರ ಬಿದ್ದರೆ ಕಣ್ಣಿಗೆ ಗೊತ್ತಾಗತೊಡಗುತ್ತದೆ, ಬ್ಲೂಟೂತ್ ಸ್ಪೀಕರ್ ಅದಕ್ಕಿಂತ ಹೆಚ್ಚೇ ತಡಮಾಡಬಹುದು. ಮಾತಿನಲ್ಲಿ ಹೇಗೋ ಸಹಿಸಬಹುದು. ಕುಣಿತದಲ್ಲಿ ಹೆಜ್ಜೆ ಒಂದು ಕಡೆ, ತಾಳ ಒಂದು ಕಡೆ ಆದರೆ ಇಡೀ ದೃಶ್ಯ ನಕಲಿ ಅನ್ನಿಸುತ್ತದೆ.

ಹೊಸ ಟಿವಿಯಲ್ಲಿ ಹಳೇ ಮ್ಯೂಸಿಕಲ್ ಧಾರಾವಾಹಿ ತರ ಕಾಣುತ್ತೆ.

ಸಿನಿಮಾ ಸೆಕೆಂಡಿಗೆ 24 ಚೌಕಟ್ಟು. ಟಿವಿ ತಾನೇ ನಡುವೆ ಚೌಕಟ್ಟುಗಳನ್ನು ಹುಟ್ಟಿಸಿ ತುಂಬುತ್ತದೆ, ಸೆಟ್ಟು, ಬಣ್ಣ, ಮೇಕಪ್ಪು ಎಲ್ಲ ಬಯಲಾಗುತ್ತವೆ. ಸೋನಿಯಲ್ಲಿ ಮೋಷನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಷನ್, ಸ್ಯಾಮ್‌ಸಂಗ್‌ನಲ್ಲಿ ಪಿಕ್ಚರ್ ಕ್ಲಾರಿಟಿ ಎಂಬುದನ್ನು ಆಫ್ ಮಾಡಿಬಿಡಿ. ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದೊಂದೇ ಸಾಕು. 1952ರ ಚಿತ್ರದ ಎರಡೂ ಬದಿ ಕಪ್ಪು ಪಟ್ಟಿ ಬಂದರೆ ಬರಲಿ. ಚಿತ್ರ ಇದ್ದದ್ದೇ ಆ ಅಳತೆಯಲ್ಲಿ. ಎಳೆದು ಅಗಲ ಮಾಡಿದರೆ ಕುಣಿಯುವವರ ಕಾಲು ಮೋಟಾಗುತ್ತದೆ.

ಮನೆಯಲ್ಲಿರೋ ಹಳೇ ಡಿವಿಡಿಯಲ್ಲಿ ಹಾಡು ಸ್ವಲ್ಪ ಮೇಲಿನ ಶ್ರುತಿಯಲ್ಲಿ ಕೇಳುತ್ತೆ. ಭ್ರಮೆಯಾ?

ಭ್ರಮೆ ಅಲ್ಲ, ಕಿವಿ ಚೆನ್ನಾಗಿದೆ. ಪಾಲ್ ಪದ್ಧತಿಯ (ಭಾರತ, ಯೂರೋಪಿನ ಹಳೇ ಟಿವಿಗಳ ಪದ್ಧತಿ) ಡಿವಿಡಿಗಳಲ್ಲಿ ಸೆಕೆಂಡಿಗೆ 24 ಚೌಕಟ್ಟಿನ ಚಿತ್ರವನ್ನು 25ರಲ್ಲಿ ಓಡಿಸುತ್ತಾರೆ. ವೇಗ ಶೇ. 4ರಷ್ಟು ಹೆಚ್ಚುತ್ತದೆ, ಶ್ರುತಿ ಮುಕ್ಕಾಲು ಸ್ವರಸ್ಥಾನದಷ್ಟು ಏರುತ್ತದೆ. 174 ನಿಮಿಷದ ಚಿತ್ರ 167ಕ್ಕೆ ಮುಗಿಯುತ್ತದೆ. ಹೆಣ್ಣು ದನಿ ಇನ್ನಷ್ಟು ಕೀರಲಾಗುತ್ತದೆ. ಬ್ಲೂರೇ ಅಥವಾ ಸ್ಟ್ರೀಮಿಂಗ್ ಪ್ರತಿಯಲ್ಲಿ ಸಾಮಾನ್ಯವಾಗಿ ಈ ತೊಂದರೆ ಇರುವುದಿಲ್ಲ.

ತಾರಸಿಯ ಮೇಲೆ ಹತ್ತು ಹದಿನೈದು ಜನ ಸೇರಿ ನೋಡೋದಾದರೆ?

ಜನವರಿಯಿಂದ ಏಪ್ರಿಲ್‌ವರೆಗೆ ಒಳ್ಳೆಯದು, ಆಮೇಲೆ ಮಳೆಯ ಕಾಟ. ಕತ್ತಲಾಗಲು ಏಳು ಗಂಟೆ ದಾಟಬೇಕು. ರಾತ್ರಿ 10ರ ನಂತರ ಧ್ವನಿವರ್ಧಕಕ್ಕೆ ಅವಕಾಶವಿಲ್ಲ. ಆದ್ದರಿಂದ ಎರಡು ಗಂಟೆಯೊಳಗಿನ ಚಿತ್ರ ಆರಿಸಿ. ಏಳೂಕಾಲಿಗೆ 'ಶಿಕಾಗೊ' ಹಾಕಿ, ನಡುವೆ ಕಾಲು ಗಂಟೆ ಚುರುಮುರಿಗೆ ಬಿಟ್ಟರೂ ಒಂಬತ್ತೂವರೆಗೆ ಮುಗಿಯುತ್ತದೆ.

ಪ್ರೊಜೆಕ್ಟರಿನ ಥ್ರೋ ರೇಶಿಯೊ (ಪರದೆಗಿರುವ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದ ಅಂಕಿ) 1.2 ಇದ್ದರೆ, 2 ಮೀಟರ್ ಅಗಲದ ಚಿತ್ರಕ್ಕೆ 2.4 ಮೀಟರ್ ದೂರ ಇಡಬೇಕು. ಪರದೆಗೆ ಇಸ್ತ್ರಿ ಮಾಡಿದ ಬಿಳಿ ಪಂಚೆ ಸಾಕು, ಹಿಂದೆ ಕಪ್ಪು ಬಟ್ಟೆ ಇದ್ದರೆ ಬೆಳಕು ಸೋರುವುದಿಲ್ಲ. ಎಲ್ಲರೂ ಮಾಡುವ ತಪ್ಪು ಸ್ಪೀಕರನ್ನು ಪ್ರೊಜೆಕ್ಟರಿನ ಪಕ್ಕದಲ್ಲೇ, ಅಂದರೆ ನೋಡುವವರ ಬೆನ್ನ ಹಿಂದೆ ಇಡುವುದು. ಮುಖ ಮುಂದೆ, ಹಾಡು ಹಿಂದೆ ಆದರೆ ಹೊಸಿಲು ಇನ್ನೂ ಎರಡಡಿ ಎತ್ತರ. ಉದ್ದ ತಂತಿ ತಂದು ಪರದೆಯ ಎರಡೂ ಬದಿ, ಕೂತವರ ಕಿವಿಯ ಮಟ್ಟಕ್ಕೆ ಇಡಿ. ಬಯಲಲ್ಲಿ ಗೋಡೆಯ ಪ್ರತಿಧ್ವನಿ ಇಲ್ಲದ ಕಾರಣ ಕೋಣೆಯಲ್ಲಿ ಜೋರೆನಿಸಿದ ವಾಲ್ಯೂಮ್ ಇಲ್ಲಿ ಸಾಲದು. ಮನೆಮಂದಿ, ಗೆಳೆಯರಷ್ಟೇ ಆದರೆ ಸರಿ. ಬೀದಿಗೆ ಬೋರ್ಡು ಹಾಕಿ ಕರೆಯುವುದಾದರೆ ಚಿತ್ರದ ಹಕ್ಕುದಾರರ ಅನುಮತಿ ಬೇಕು.

ಮಕ್ಕಳ ಜೊತೆ?

'ಗೂಪಿ ಗಾಯೆನ್'. ಭೂತಗಳ ಕುಣಿತಕ್ಕೆ ಭಾಷೆ ಬೇಡ. 'ಕ್ಯಾಬರೆ', 'ಶಿಕಾಗೊ' ಬೇಡ.

ಹಾಡುತ್ತಲೇ ನಟಿಸಿದ್ದಾರೆ ಅಂತ 'ಲೆ ಮಿಸೆರಾಬ್ಲ್' ನೋಡಿದೆ, ಅದೂ ಹಿಡಿಸಲಿಲ್ಲ. ಈಗ?

2012ರ ಆ ಚಿತ್ರದಲ್ಲಿ ನಟರು ಕಿವಿಯೊಳಗಿನ ಪುಟ್ಟ ಸಾಧನದಲ್ಲಿ ಪಿಯಾನೊ ಕೇಳುತ್ತಾ ಸೆಟ್ಟಿನಲ್ಲೇ ಹಾಡಿದರು, ವಾದ್ಯವೃಂದ ಆಮೇಲೆ ಸೇರಿತು. ದನಿಗೆ ನಿಜದ ಒರಟು ಬಂದಿದೆ. ಆದರೆ 158 ನಿಮಿಷ, ಬಹುಪಾಲು ಹಾಡೇ, ಕ್ಯಾಮೆರಾ ಮುಖಕ್ಕೆ ಅಂಟಿಕೊಂಡೇ ಇರುತ್ತದೆ. ಶುರುವಿಗೆ ಅದು ಭಾರ.

ಮೊದಲು 'ವನ್ಸ್', ಒಂದು ವಾರ ಬಿಟ್ಟು 'ಕ್ಯಾಬರೆ', ಆಮೇಲೆ ಧೈರ್ಯ ಬಂದರೆ 'ಶೆರ್ಬೂರ್‌ನ ಕೊಡೆಗಳು'. ಪ್ರತಿಯೊಂದಕ್ಕೂ ಮೂರನೇ ಹಾಡಿನವರೆಗೆ ಅವಕಾಶ ಕೊಡಿ, ಅದಕ್ಕೂ ಹಿಡಿಸದಿದ್ದರೆ ಎದ್ದುಬಿಡಿ. ಮೂರೂ ಬಿದ್ದುಹೋದರೆ ಸಿನಿಮಾ ಪಕ್ಕಕ್ಕಿಟ್ಟು, ಮೈಸೂರಿನ ರಂಗಾಯಣದಲ್ಲಿ ಹಾಡುಗಳಿರುವ ನಾಟಕ ಒಂದನ್ನು ಮುಂದಿನ ಸಾಲಲ್ಲಿ ಕೂತು ನೋಡಿ. ಬಿ. ವಿ. ಕಾರಂತರು 1989ರಲ್ಲಿ ಕಟ್ಟಿದ ಸಂಸ್ಥೆ ಅದು, ರಂಗಸಂಗೀತ ಅಲ್ಲಿನ ಬೇರಿನಲ್ಲೇ ಇದೆ. ಅದು ಹಿಡಿಸಿದರೆ ನಿಮ್ಮ ತಕರಾರು ಹಾಡಿನ ಮೇಲಲ್ಲ, ತುಟಿಯಾಟದ ಮೇಲೆ. ಆಗ ಮತ್ತೆ 'ವನ್ಸ್'ಗೇ ಬನ್ನಿ.

ಕೊನೆಯ ಹಾಡಿಗೆ ಮುಂಚೆ ಎದ್ದು ಹೋಗುವ ಅಭ್ಯಾಸ ನನಗೆ. ತಪ್ಪಾ?

'ಡಾನ್ಸರ್ ಇನ್ ದ ಡಾರ್ಕ್'ನ ನಾಯಕಿ, ಕಣ್ಣು ಕಳೆದುಕೊಳ್ಳುತ್ತಿರುವ ಕಾರ್ಖಾನೆ ಕೆಲಸದವಳು, ಅದನ್ನೇ ಮಾಡುತ್ತಿದ್ದವಳು. ಕೊನೆಯ ಹಾಡೊಂದು ಬಾಕಿ ಇರುವಾಗಲೇ ಥಿಯೇಟರಿನಿಂದ ಹೊರಗೆ ಬಂದುಬಿಡುತ್ತಿದ್ದಳಂತೆ, ಹಾಗೆ ಮಾಡಿದರೆ ಸಿನಿಮಾ ಮುಗಿಯುವುದೇ ಇಲ್ಲ ಎಂದು.